ಹಾಗನ್ನಿಸಿದ್ದು ಯಾವ ಸಾಲಿನಲ್ಲಿ?

ಹೈಸ್ಕೂಲಿನ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಸಂದರ್ಭ ಹೇಳಿ ಸ್ವಾರಸ್ಯ ವಿವರಿಸುವ ಪ್ರಶ್ನೆ ಇದ್ದೇ ಇರುತ್ತದೆ. ಕಥೆಯ ಬಗ್ಗೆ ಯೋಚಿಸಿ ಬರೆಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಿಲ್ಲ. ಉತ್ತರಗಳು ಮಾತ್ರ ಒಂದೇ ಅಚ್ಚಿನವು: ಈ ಮಾತನ್ನು ಇಂಥ ಪಾಠದಿಂದ ಆರಿಸಲಾಗಿದೆ, ಇಂಥವರು ಇಂಥವರಿಗೆ ಹೇಳಿದರು, ಇದು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ. ಗೈಡು ನೋಡಿ ಬಾಯಿಪಾಠ ಮಾಡಿದ ಆ ಕೊನೆಯ ವಾಕ್ಯ ಯಾವ ಕಥೆಗೂ ಸಲ್ಲುತ್ತದೆ, ಹಾಗಾಗಿ ಯಾವ ಕಥೆಯ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ ಎಂದಲ್ಲ. ಅನ್ನಿಸಿದ್ದನ್ನು ಕಥೆಯ ಸಾಲಿಗೆ ಜೋಡಿಸುವುದು ಹೇಗೆಂದು ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೆ. ನಾಲ್ಕೈದು ಪೀರಿಯಡ್‌ಗಳಲ್ಲಿ ಇದನ್ನು ತೋರಿಸಬಹುದು. ಮಾದರಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಮೊಸರಿನ ಮಂಗಮ್ಮ’ನನ್ನು ಇಟ್ಟುಕೊಳ್ಳೋಣ. ಸರಳವಾಗಿ ಕಾಣುವ, ಆದರೆ ಕೆದಕಿದಷ್ಟೂ ಕೊಡುವ ಕಥೆ ಅದು.

ಮೊದಲು ಓದು, ಪ್ರಶ್ನೆ ಆಮೇಲೆ

ಮೊದಲ ದಿನ ಕಥೆಯನ್ನು ಗಟ್ಟಿಯಾಗಿ ಓದಿ, ಅಥವಾ ಮಕ್ಕಳಿಂದ ಸರದಿಯಲ್ಲಿ ಓದಿಸಿ. ನಡುವೆ ನಿಲ್ಲಿಸಿ ಅರ್ಥ ಹೇಳಬೇಡಿ, ಲೇಖಕರ ಪರಿಚಯವನ್ನೂ ಆಗಲೇ ಬರೆಸಬೇಡಿ. ಮಾಸ್ತಿಯವರಿಗೆ 1983ರಲ್ಲಿ ಜ್ಞಾನಪೀಠ ಬಂತೆಂಬುದು ತಿಳಿಯಬೇಕಾದ ಸಂಗತಿಯೇ. ಆದರೆ ಅದನ್ನು ಮೊದಲೇ ಹೇಳಿಬಿಟ್ಟರೆ ಮಕ್ಕಳು ಕಥೆಯನ್ನು ಪ್ರಶ್ನಿಸಲು ಹಿಂಜರಿಯುತ್ತಾರೆ. ಪೆನ್ಸಿಲ್ ಹಿಡಿದು, ಮನಸ್ಸು ನಿಂತ ಕಡೆಯೆಲ್ಲ ಒಂದು ಗೆರೆ ಎಳೆಯಲಿ. ಕಾರಣ ಕೊಡಬೇಕಿಲ್ಲ.

ಹೇಳುತ್ತಿರುವವರು ಯಾರು?

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ನಮ್ಮ ತರಗತಿಗಳಲ್ಲಿ ಪಾತ್ರಗಳ ಗುಣಸ್ವಭಾವ ಕೇಳುತ್ತೇವೆ, ಕಥೆಯ ನೀತಿ ಕೇಳುತ್ತೇವೆ. ಕಥೆ ಯಾರ ಬಾಯಿಂದ ಬರುತ್ತಿದೆ ಎಂದು ಕೇಳುವುದು ಅಪರೂಪ.

ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತಂದು ಮಾರುವವಳು. ಮೊಮ್ಮಗನನ್ನು ಸೊಸೆ ನಂಜಮ್ಮ ಹೊಡೆದಳೆಂದು ಜಗಳವಾಗುತ್ತದೆ, ಮಂಗಮ್ಮ ಬೇರೆ ಸಂಸಾರ ಹೂಡುತ್ತಾಳೆ. ಇದನ್ನು ನಮಗೆ ಹೇಳುವವಳು ಮಂಗಮ್ಮನಲ್ಲ, ಅವಳಿಂದ ಮೊಸರು ಕೊಳ್ಳುವ ಪಟ್ಟಣದ ಗೃಹಿಣಿ. ಆಕೆ ಆ ಹಳ್ಳಿಯ ಮನೆಯ ಜಗಳವನ್ನು ಕಂಡವಳಲ್ಲ.

ಬೋರ್ಡಿನ ಮೇಲೆ ಎರಡು ಅಂಕಣ ಎಳೆಯಿರಿ. ಒಂದರಲ್ಲಿ ನಿರೂಪಕಿ ಕಣ್ಣಾರೆ ಕಂಡದ್ದು, ಇನ್ನೊಂದರಲ್ಲಿ ಮಂಗಮ್ಮ ಹೇಳಿ ಆಕೆ ಕೇಳಿದ್ದು. ಮಕ್ಕಳು ಕಥೆಯ ಘಟನೆಗಳನ್ನು ಒಂದೊಂದಾಗಿ ಹಂಚಲಿ. ಸ್ವಲ್ಪ ಹೊತ್ತಿನಲ್ಲೇ ಎರಡನೆಯ ಅಂಕಣ ತುಂಬಿಹೋಗುತ್ತದೆ. ಮಗುವಿಗೆ ಬಿದ್ದ ಪೆಟ್ಟು, ಸೊಸೆಯ ಬಿರುಸು ಮಾತು, ಮಗನ ನಿಲುವು ಎಲ್ಲವೂ ಅತ್ತೆಯ ವರದಿಯಾಗಿಯೇ ಬಂದವು ಎಂದು ಯಾರಾದರೊಬ್ಬರು ಗಮನಿಸುತ್ತಾರೆ. ನಂಜಮ್ಮ ತನ್ನ ಕಡೆಯ ಮಾತು ಹೇಳುವುದು ಕೊನೆಯ ಭಾಗದಲ್ಲಿ. ಆಗ ಕೇಳಿ: ‘ಅಲ್ಲಿಯವರೆಗೆ ನೀವು ಯಾರ ಪಕ್ಷ ವಹಿಸಿದ್ದಿರಿ? ಹಾಗೆ ಮಾಡಿಸಿದ್ದು ಯಾವ ಸಾಲು?’ ತರಗತಿ ಎರಡು ಬಣವಾಗುತ್ತದೆ. ಆಗಲಿ, ತೀರ್ಪು ಕೊಡಲು ಹೋಗಬೇಡಿ.

ಒಂದು ವಸ್ತುವಿನ ಹಿಂದೆ ಬೀಳಿ

ಬೇರೆಯಾದ ಮೇಲೆ ಮಂಗಮ್ಮ ತನಗಾಗಿ ಒಂದು ಮಖಮಲ್ಲಿನ ರವಕೆ ಹೊಲಿಸಿಕೊಳ್ಳುತ್ತಾಳೆ. ಮೊಸರು ಮಾರಿ ಕೂಡಿಟ್ಟ ದುಡ್ಡು, ವಯಸ್ಸಾದ ಹೆಂಗಸು, ನೋಡುವ ಊರ ಕಣ್ಣು ಎಲ್ಲವೂ ಆ ಒಂದು ಬಟ್ಟೆಯಲ್ಲಿ ಸೇರಿವೆ. ‘ರವಕೆ ಏನನ್ನು ಸೂಚಿಸುತ್ತದೆ?’ ಎಂದು ಕೇಳಿದರೆ ಸಿದ್ಧ ಉತ್ತರ ಬರುತ್ತದೆ. ‘ಈ ರವಕೆ ಕಥೆಯಲ್ಲಿ ಇಲ್ಲದಿದ್ದರೆ ಏನು ಕಳೆದುಹೋಗುತ್ತಿತ್ತು?’ ಎಂದು ಕೇಳಿ. ಮಕ್ಕಳು ಪುಟ ತಿರುವಲು ಶುರುಮಾಡುತ್ತಾರೆ.

ಅನ್ನಿಸಿಕೆಯಿಂದ ವಾದಕ್ಕೆ

ಇನ್ನು ಬರವಣಿಗೆ. ಪ್ರತಿಯೊಬ್ಬರೂ ಕಥೆಯ ಬಗ್ಗೆ ಒಂದೇ ಒಂದು ವಾಕ್ಯ ಬರೆಯಲಿ. ಮೊದಲ ಸುತ್ತಿನಲ್ಲಿ ‘ಮಂಗಮ್ಮ ಒಳ್ಳೆಯ ಹೆಂಗಸು’ ಎಂಬಂಥವು ಬರುತ್ತವೆ. ಇದನ್ನು ಯಾರಾದರೂ ಅಲ್ಲಗಳೆಯಲು ಸಾಧ್ಯವೇ ಎಂದು ಕೇಳಿ. ಸಾಧ್ಯವಿಲ್ಲದಿದ್ದರೆ ಅದು ವಾದವಲ್ಲ. ಎರಡನೆಯ ಸುತ್ತಿನಲ್ಲಿ ‘ಇದು ಅತ್ತೆ ಸೊಸೆಯರ ಅಧಿಕಾರದ ಜಗಳ’ ಎಂದಾಗುತ್ತದೆ. ಪರವಾಗಿಲ್ಲ, ಆದರೆ ಕಥೆ ಓದದೆಯೂ ಇದನ್ನು ಬರೆಯಬಹುದು. ಮೂರನೆಯ ಸುತ್ತಿಗೆ ‘ಹೇಗೆ’ ಎಂಬುದನ್ನು ಸೇರಿಸಿ ಬರೆಯಲು ಹೇಳಿ: ‘ಮಗುವಿನ ನೆಪದಲ್ಲಿ ನಡೆಯುವುದು ಮಗನ ಮೇಲಿನ ಹಿಡಿತದ ಜಗಳ, ಅತ್ತೆಯ ಮಾತನ್ನೇ ಮೊದಲು ಕೇಳುವ ನಮಗೆ ಅದು ತಡವಾಗಿ ಹೊಳೆಯುತ್ತದೆ.’ ಈ ವಾಕ್ಯವನ್ನು ಒಪ್ಪದಿರಲು ಸಾಧ್ಯ, ಸಮರ್ಥಿಸಬೇಕಾದರೆ ಪುಸ್ತಕ ತೆರೆಯಲೇಬೇಕು.

ಆಮೇಲೆ ಒಂದು ಪ್ಯಾರಾ. ವಾದ ಮೊದಲು, ಅದಕ್ಕೆ ಆಧಾರವಾದ ಸಾಲು ಅಥವಾ ಘಟನೆ ಅನಂತರ, ಆ ಆಧಾರ ವಾದವನ್ನು ಹೇಗೆ ಹೊರುತ್ತದೆಂಬ ವಿವರಣೆ ಕೊನೆಗೆ. ಈ ಮೂರನೆಯದೇ ಕಷ್ಟ. ಉದ್ಧರಣೆ ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಕಥಾಸಾರಕ್ಕೆ ಎರಡು ವಾಕ್ಯದ ಮಿತಿ ಹಾಕಿ. ಸಾರಾಂಶಕ್ಕೆ ಜಾಗವಿದ್ದಷ್ಟು ದಿನ ಮಕ್ಕಳು ಅದರ ಹಿಂದೆಯೇ ಅಡಗಿಕೊಳ್ಳುತ್ತಾರೆ.

ಮೊದಲ ಕರಡು ಯಾವ ಕನ್ನಡದಲ್ಲಾದರೂ ಇರಲಿ. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು ಆಡುವ ಮಕ್ಕಳು ತರಗತಿಯಲ್ಲಿದ್ದಾರೆ. ಧಾರವಾಡದ, ಕಲಬುರಗಿಯ ಆಡುಮಾತು ಬರವಣಿಗೆಯಲ್ಲಿ ಇಣುಕುತ್ತದೆ. ಯೋಚನೆ ಹುಟ್ಟುವ ಹೊತ್ತಿನಲ್ಲೇ ಕಾಗುಣಿತಕ್ಕೆ ಕೆಂಪು ಗೆರೆ ಎಳೆದರೆ ಮಗು ಮರಳಿ ಗೈಡಿನ ವಾಕ್ಯಕ್ಕೇ ಓಡುತ್ತದೆ. ಮಾಸ್ತಿಯವರ ಮಂಗಮ್ಮ ಕೂಡ ಗ್ರಂಥದ ಭಾಷೆಯಲ್ಲಿ ಮಾತನಾಡುವುದಿಲ್ಲವಲ್ಲ. ಭಾಷೆಯನ್ನು ಎರಡನೆಯ ಕರಡಿನಲ್ಲಿ ತಿದ್ದಿದರಾಯಿತು.

ತಿದ್ದುವುದು ಹೇಗೆ?

ಅರವತ್ತು ನೋಟ್‌ಬುಕ್ ಇರುವ ಶಿಕ್ಷಕರು ಪ್ರತಿ ಸಾಲನ್ನೂ ತಿದ್ದಲಾರರು, ತಿದ್ದಬೇಕಾಗಿಯೂ ಇಲ್ಲ. ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯಿರಿ: ‘ಇದು ಎಲ್ಲಿದೆ?’ ಅಥವಾ ‘ನಂಜಮ್ಮ ಇದಕ್ಕೆ ಏನನ್ನುತ್ತಾಳೆ?’ ಅದಕ್ಕೂ ಮೊದಲು ಮಕ್ಕಳು ಜೋಡಿಯಾಗಿ ಪುಸ್ತಕ ಬದಲಿಸಿಕೊಂಡು, ಪರಸ್ಪರರ ಪ್ಯಾರಾದಲ್ಲಿ ಆಧಾರವಿರುವ ವಾಕ್ಯಕ್ಕೆ ಅಡಿಗೆರೆ ಹಾಕಲಿ. ಗೆರೆ ಬೀಳದ ಪ್ಯಾರಾ ಮರಳಿ ಬರೆಯುವವರ ಕೈಗೇ ಹೋಗಲಿ.

ಮುಂದಿನ ಕಥೆಗೆ ನಿಮ್ಮ ಪ್ರಶ್ನೆಗಳನ್ನು ಕಡಿಮೆ ಮಾಡಿ. ಕೊಡಗಿನ ಗೌರಮ್ಮ, ಪೂರ್ಣಚಂದ್ರ ತೇಜಸ್ವಿ, ದೇವನೂರ ಮಹಾದೇವ ಯಾರ ಕಥೆಯಾದರೂ ಸರಿ. ಈ ಬಾರಿ ಎರಡು ಅಂಕಣದ ಹೆಸರುಗಳನ್ನು ಮಕ್ಕಳೇ ಹುಡುಕಲಿ.