ಸಂಬಳದ ಫೈಲ್ ಮುಟ್ಟಿತೇ?

ಪ್ರಶ್ನೆ: ನಮ್ಮದು ಸಿದ್ಧ ಉಡುಪಿನ ಕಾರ್ಖಾನೆ. ಆರುನೂರು ಜನರ ಸಂಬಳದ ಫೈಲನ್ನು ಪ್ರತಿ ತಿಂಗಳು ಪೇರೋಲ್ ಏಜೆನ್ಸಿಗೆ ಎಫ್‌ಟಿಪಿಯಲ್ಲಿ ಕಳಿಸುತ್ತೇವೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್. ಈಗ ‘ಮ್ಯಾನೇಜ್ಡ್ ಫೈಲ್ ಟ್ರಾನ್ಸ್‌ಫರ್’ ಸರ್ವರ್ ಕೊಳ್ಳಿ ಎನ್ನುತ್ತಿದ್ದಾರೆ. ಪುಕ್ಕಟೆ ಸಿಗುವ ಎಸ್‌ಎಫ್‌ಟಿಪಿ ಸಾಲದೇ?
– ಲೆಕ್ಕಪತ್ರ ವಿಭಾಗದ ಓದುಗರು, ತುಮಕೂರು

ಉತ್ತರ: ಮೊದಲು ಎಫ್‌ಟಿಪಿ ನಿಲ್ಲಿಸಿ. ಅದಕ್ಕೆ ಯಾವ ಖರೀದಿಗೂ ಕಾಯಬೇಡಿ. 1971ರಲ್ಲಿ ಎಂಐಟಿಯಲ್ಲಿದ್ದ ಅಭಯ್ ಭೂಷಣ್ (ಐಐಟಿ ಕಾನ್ಪುರದ ಮೊದಲ ತಂಡದವರು) ಅದರ ಮೊದಲ ಕರಡು ಬರೆದಾಗ ಜಾಲದಲ್ಲಿದ್ದದ್ದು ಕೆಲವೇ ವಿಶ್ವವಿದ್ಯಾಲಯ, ಸಂಶೋಧನಾ ಕೇಂದ್ರಗಳು. ಗೊತ್ತಿದ್ದವರ ನಡುವಿನ ಆ ಏರ್ಪಾಟಿನಲ್ಲಿ ಪಾಸ್‌ವರ್ಡ್ ಅಂಚೆಕಾರ್ಡಿನ ಬರಹದ ಹಾಗೆ ತೆರೆದೇ ಹೋಗುತ್ತದೆ. ಎಸ್‌ಎಫ್‌ಟಿಪಿ ಅದನ್ನು ಲಕೋಟೆಗೆ ಹಾಕುತ್ತದೆ. ದಾರಿ ಭದ್ರವಾದರೆ ಸಾಕು ಎನ್ನುವವರಿಗೆ ಅಷ್ಟೇ ಸಾಕು.

ಆದರೆ ರಾತ್ರಿ ಲೈನ್ ಹೋಗಿ ಆರುನೂರರಲ್ಲಿ ನಾನೂರು ಸಾಲು ಮಾತ್ರ ತಲುಪಿತೆನ್ನಿ. ಏಜೆನ್ಸಿಯ ಕಂಪ್ಯೂಟರ್ ಅದನ್ನೇ ಪೂರ್ತಿ ಫೈಲ್ ಎಂದು ಎತ್ತಿಕೊಂಡರೆ ಇನ್ನೂರು ಮನೆಗಳಿಗೆ ಸಂಬಳವಿಲ್ಲ. ಮ್ಯಾನೇಜ್ಡ್ ಫೈಲ್ ಟ್ರಾನ್ಸ್‌ಫರ್ ಸರ್ವರ್ ದುಡ್ಡಿಗೆ ತಕ್ಕ ಕೆಲಸ ಮಾಡುವುದು ಇಲ್ಲಿ. ನಿಂತ ಕಡೆಯಿಂದಲೇ ಮತ್ತೆ ಕಳಿಸುತ್ತದೆ, ಎರಡೂ ತುದಿಯ ಫೈಲಿನ ಹ್ಯಾಶ್ ಮೊತ್ತವನ್ನು (ಫೈಲಿನ ಬೆರಳಚ್ಚು ಎನ್ನಿ) ತಾಳೆ ನೋಡುತ್ತದೆ, ತಾಳೆಯಾದ ಮೇಲಷ್ಟೇ ಫೈಲನ್ನು ಏಜೆನ್ಸಿಯ ಫೋಲ್ಡರಿಗೆ ಸರಿಸುತ್ತದೆ. ಆಗದಿದ್ದರೆ ನಿಮ್ಮ ಮೊಬೈಲಿಗೆ ಸಂದೇಶ ಬರುತ್ತದೆ. ಇದನ್ನೆಲ್ಲ ಸ್ಕ್ರಿಪ್ಟ್ ಬರೆದೂ ಮಾಡಬಹುದು, ಬರೆದವರು ಕೆಲಸ ಬಿಡುವವರೆಗೆ.

ಪಾಸ್‌ವರ್ಡ್ ಹಂಚಿಕೆ ಇಂದೇ ನಿಲ್ಲಲಿ. ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಇದ್ದರೆ ತಾನೇ ಯಾರು, ಯಾವಾಗ, ಯಾವ ಫೈಲ್ ಇಳಿಸಿಕೊಂಡರು ಎಂದು ಗೊತ್ತಾಗುವುದು? ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ನಿಮ್ಮ ಈಗಿನ ಲಾಗ್‌ನಲ್ಲಿ ಇರುವುದು ಒಂದೇ ಹೆಸರು.

ಪ್ರಶ್ನೆ: ನಮ್ಮ ಲ್ಯಾಬ್‌ನಿಂದ ಆಸ್ಪತ್ರೆಗಳಿಗೆ ರಿಪೋರ್ಟ್ ಕಳಿಸಲು ಇಂಥದೇ ಸರ್ವರ್ ಇದೆ. ಮೂವ್‌ಇಟ್ ಪ್ರಕರಣ ಓದಿದ ಮೇಲೆ ಭಯವಾಗಿದೆ.
– ಓದುಗರು, ಮಂಗಳೂರು

ಉತ್ತರ: ಭಯಕ್ಕೆ ಕಾರಣವಿದೆ. ಮೂವ್‌ಇಟ್ ಕೂಡ ಇಂಥದೇ ಫೈಲ್ ಸಾಗಿಸುವ ತಂತ್ರಾಂಶ. 2023ರ ಮೇ ಕೊನೆಯಲ್ಲಿ ಕ್ಲಾಪ್ ಎಂಬ ಸೈಬರ್ ಸುಲಿಗೆ ಗುಂಪು ಎಸ್‌ಕ್ಯೂಎಲ್ ಇಂಜೆಕ್ಷನ್ ದೋಷವೊಂದರ ಮೂಲಕ ಅದನ್ನು ಬಳಸುತ್ತಿದ್ದವರ ಸರ್ವರ್‌ಗಳಿಗೆ ಒಳನುಗ್ಗಿತು. ಪ್ಯಾಚ್ ಬಂದದ್ದು ಮೇ 31ಕ್ಕೆ. ಹಾಗಾಗಿ ಪ್ಯಾಚ್ ಹಾಕುವುದರಲ್ಲಿ ಚುರುಕಾಗಿದ್ದವರೂ ಸಿಕ್ಕಿಬಿದ್ದರು. ಡಿಸ್ಕಿನ ಎನ್‌ಕ್ರಿಪ್ಷನ್ ಕೂಡ ಕಾಯಲಿಲ್ಲ. ಬೀಗ ತೆಗೆಯುವ ತಂತ್ರಾಂಶವೇ ಕಳ್ಳರ ವಶವಾಗಿತ್ತು.

ಅವರಿಗೆ ಸಿಕ್ಕಿದ್ದು ಆ ಹೊತ್ತಿಗೆ ಸರ್ವರ್‌ನಲ್ಲಿದ್ದ ಫೈಲ್‌ಗಳು. ಅಂಚೆಕಚೇರಿಯಂತೆ ಬಳಸಬೇಕಾದ ಸರ್ವರನ್ನು ನಾವು ಉಗ್ರಾಣ ಮಾಡಿಕೊಂಡಿರುತ್ತೇವೆ. ಆಸ್ಪತ್ರೆಗೆ ಮುಟ್ಟಿದ ಖಾತ್ರಿ ಬಂದ ಎರಡು-ಮೂರು ದಿನದಲ್ಲಿ ರಿಪೋರ್ಟ್ ತಾನಾಗಿ ಅಳಿಸಿಹೋಗುವಂತೆ ನಿಯಮ ಹಾಕಿಸಿ. ಕಳಿಸಿದ ದಾಖಲೆ ಮಾತ್ರ ಉಳಿಯಲಿ. ರಿಪೋರ್ಟಿಗೆ ಪಿಜಿಪಿ ಎನ್‌ಕ್ರಿಪ್ಷನ್‌ನ ಬೀಗ ಹಾಕಿಯೇ ಸರ್ವರ್‌ಗೆ ಏರಿಸಿ, ಅದನ್ನು ತೆರೆಯುವ ಕೀ ಆಸ್ಪತ್ರೆಯವರ ಬಳಿ ಮಾತ್ರ ಇರಲಿ. ಅಡ್ಮಿನ್ ಪುಟ ಇಂಟರ್ನೆಟ್ಟಿಗೆ ತೆರೆದಿದ್ದರೆ ಇವತ್ತೇ ಮುಚ್ಚಿಸಿ.