ಲಿವರ್ ತೊಂದರೆಯೆಂದು ಮಗನಿಗೆ ಎಣ್ಣೆ ಬಿಡಿಸಬೇಕೆ?

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗನಿಗೆ ಸಿಸ್ಟಿಕ್ ಫೈಬ್ರೋಸಿಸ್ (ದೇಹದ ಸ್ರಾವಗಳು ಅಂಟಂಟಾಗುವ ಹುಟ್ಟುಕಾಯಿಲೆ) ಇದೆ. ಲಿವರ್ ಗಟ್ಟಿಯಾಗುತ್ತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದಿದೆ. ಎಣ್ಣೆ, ಮೀನು ಬಿಡಿಸಿ ಕಾಮಾಲೆಯ ಪಥ್ಯ ಮಾಡಿಸು ಎನ್ನುತ್ತಾರೆ ಅತ್ತೆ. ವಿಟಮಿನ್ ಗುಳಿಗೆ, ಲಿವರ್ ಟಾನಿಕ್ ಕೊಡಬಹುದೆ?
– ಒಬ್ಬ ತಾಯಿ, ಮಂಕಿ

ಉತ್ತರ: ಆ ವರದಿ ಕೈಗೆ ಬಂದ ದಿನ ನಿಮಗೆ ಊಟ ಸೇರಿರಲಿಕ್ಕಿಲ್ಲ. ಹೆದರಿಕೆ ಸಹಜ. ಆದರೆ ಇದು ನಿಮ್ಮ ಅಡುಗೆಯಿಂದ ಬಂದದ್ದಲ್ಲ. ಈ ಕಾಯಿಲೆಯಲ್ಲಿ ಪಿತ್ತರಸವೂ ಮಂದವಾಗಿ ಲಿವರ್‌ನೊಳಗಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಸಿರೋಸಿಸ್ (ಲಿವರ್ ಕಲೆಗಟ್ಟಿ ಗಂಟುಗಂಟಾಗುವುದು) ಹಂತಕ್ಕೆ ಹೋಗುವವರು ನೂರಕ್ಕೆ 5ರಿಂದ 10 ಮಕ್ಕಳು. ಅವರಲ್ಲೂ ಅನೇಕರ ಲಿವರ್ ವರ್ಷಗಟ್ಟಲೆ ತನ್ನ ಕೆಲಸ ಮಾಡುತ್ತಿರುತ್ತದೆ.

ಅತ್ತೆಯವರ ಕಾಳಜಿ ದೊಡ್ಡದು. ಆ ಪಥ್ಯ ಮಾತ್ರ ಈ ಹುಡುಗನಿಗೆ ಹೊಂದದು. ಓರಗೆಯವರಿಗಿಂತ ಹೆಚ್ಚು, ಕೆಲವೊಮ್ಮೆ ಒಂದೂವರೆ ಪಟ್ಟು ಆಹಾರಶಕ್ತಿ ಅವನಿಗೆ ಬೇಕು. ಗಂಜಿ ಕೊಡಿ, ಅದರ ಮೇಲೆ ತುಪ್ಪ ಹಾಕಿ. ಪಕ್ಕದಲ್ಲಿ ಬಂಗಡೆ ಸಾರು, ಮೊಟ್ಟೆ ಇರಲಿ. ವೈದ್ಯರು ಕಿಣ್ವದ ಕ್ಯಾಪ್ಸೂಲ್ (ಜೀರ್ಣಕ್ಕೆ ನೆರವಾಗುವ ಔಷಧ) ಬರೆದಿದ್ದರೆ ಊಟಕ್ಕೂ ಜಿಡ್ಡಿನ ತಿಂಡಿಗೂ ತಪ್ಪಿಸಬೇಡಿ. ಅಗತ್ಯವಿದ್ದರೆ ಎಂಸಿಟಿ ಎಣ್ಣೆ (ಪಿತ್ತರಸ ಕಡಿಮೆಯಿದ್ದರೂ ಮೈಗೆ ಹತ್ತುವ ಕೊಬ್ಬು) ಸೇರಿಸುತ್ತಾರೆ. ನಮ್ಮ ತೆಂಗಿನೆಣ್ಣೆಯಲ್ಲಿ ಅಂಥ ಕೊಬ್ಬು ಸ್ವಲ್ಪವೇ ಇರುವುದರಿಂದ ಅದು ಇದಕ್ಕೆ ಬದಲಿಯಾಗದು.

ಎ, ಡಿ, ಇ, ಕೆ ವಿಟಮಿನ್‌ಗಳು ಜಿಡ್ಡಿನೊಂದಿಗೇ ಒಳಸೇರುವಂಥವು; ಈ ಮಕ್ಕಳಲ್ಲಿ ಬೇಗ ಕಡಿಮೆಯಾಗುತ್ತವೆ. ಕೆ ಕಡಿಮೆಯಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಎ ಅತಿಯಾದರೆ ಲಿವರಿಗೇ ಪೆಟ್ಟು. ಹಾಗಾಗಿ ಮೆಡಿಕಲ್‌ನಿಂದ ನೀವಾಗಿಯೇ ಗುಳಿಗೆ ತರಬೇಡಿ, ಮೀನಿನ ಲಿವರ್‌ನ ಎಣ್ಣೆಯದಂತೂ ಬೇಡವೇ ಬೇಡ. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆ ಮಾಡಿಸಿ, ಅದರಂತೆ ಪ್ರಮಾಣ ನಿಗದಿಯಾಗಲಿ. ಟಾನಿಕ್, ನಾಟಿ ಮದ್ದು ಎರಡನ್ನೂ ವೈದ್ಯರಿಗೆ ತೋರಿಸದೆ ಕೊಡಬೇಡಿ.

ಇನ್ನೊಂದು ಮಾತು. ತೂಕ ಏರಿದೆಯೆಂದು ಸಮಾಧಾನಪಡಬೇಡಿ. ಗುಲ್ಮ (ಸ್ಪ್ಲೀನ್) ದೊಡ್ಡದಾದರೂ ಹೊಟ್ಟೆಯಲ್ಲಿ ನೀರು ತುಂಬಿದರೂ ತೂಕ ಹೆಚ್ಚುತ್ತದೆ. ಮಣಿಪಾಲಕ್ಕೋ ಬೆಂಗಳೂರಿಗೋ ತಪಾಸಣೆಗೆ ಹೋದಾಗ ತೋಳಿನ ಸುತ್ತಳತೆಯನ್ನೂ ಅಳೆಯಲು ಕೇಳಿ.

ಪ್ರಶ್ನೆ: ನನಗೆ ಹತ್ತೊಂಬತ್ತು, ಇದೇ ಕಾಯಿಲೆ. ಸೆಕೆಗಾಲದಲ್ಲಿ ತೀರಾ ಸುಸ್ತು. ಲಿವರಿಗೆ ಉಪ್ಪು ಬೇಡ ಎನ್ನುತ್ತಾರೆ.
– ವಿದ್ಯಾರ್ಥಿ, ಹೊನ್ನಾವರ

ಉತ್ತರ: ನಿಮ್ಮ ಗೊಂದಲ ನ್ಯಾಯವಾದದ್ದೇ. ಈ ಕಾಯಿಲೆಯಲ್ಲಿ ಬೆವರಿನೊಡನೆ ಉಪ್ಪು ವಿಪರೀತ ಹೋಗುತ್ತದೆ. ನಮ್ಮ ಕರಾವಳಿಯ ಏಪ್ರಿಲ್–ಮೇ ಸೆಕೆಯಲ್ಲಿ ಇನ್ನೂ ಹೆಚ್ಚು. ಹೊಟ್ಟೆಯಲ್ಲಿ ನೀರು ತುಂಬಿಲ್ಲವಾದರೆ ಉಪ್ಪು ಬಿಡುವುದೇ ಅಪಾಯ. ತುಂಬಿದ್ದರೆ ಎಷ್ಟು ಉಪ್ಪು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ಲಿವರ್ ತೊಂದರೆಯಿರುವಾಗ ರಕ್ತವಾಂತಿಯಾದರೆ ಅಥವಾ ಮಲ ಡಾಂಬರಿನಂತೆ ಕಪ್ಪಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.