ಭಾನುವಾರದ ಸೆಮಿನಾರು, ಸೋಮವಾರದ ಚೆಕ್ಕು

ಭಾನುವಾರ ಬೆಳಿಗ್ಗೆ ಹತ್ತೂವರೆ. ಬೆಂಗಳೂರಿನ ಹೋಟೆಲೊಂದರ ಬ್ಯಾಂಕ್ವೆಟ್ ಹಾಲ್. ಬಾಗಿಲಲ್ಲೇ ಒಂದು ಫಾರ್ಮು: ಹೆಸರು, ಮೊಬೈಲ್ ನಂಬರು, ಕೆಲಸ ಎಲ್ಲಿ, ಬಜೆಟ್ ಎಷ್ಟು. ಒಳಗೆ ಕಾಫಿ, ಬಿಸ್ಕತ್ತು, ಮಕ್ಕಳಿಗೆ ಬಲೂನು, ಗೋಡೆಯುದ್ದಕ್ಕೂ ಲೇಔಟ್ ನಕ್ಷೆ. ವೇದಿಕೆಯ ಮೇಲಿನ ಸೂಟುಧಾರಿ ಕೇಳುತ್ತಾರೆ: ‘ಏರ್‌ಪೋರ್ಟ್ ಬರೋಕ್ಕೆ ಮುಂಚೆ ದೇವನಹಳ್ಳಿ ಕಡೆ ಸೈಟ್ ತಗೊಂಡವರು ಯಾರಾದ್ರೂ ಇದೀರಾ? ಕೈ ಎತ್ತಿ.’ ಯಾರೂ ಎತ್ತುವುದಿಲ್ಲ. ‘ಆಗ ಬಿಟ್ರಿ. ಈಗಲೂ ಬಿಡ್ತೀರಾ?’ ಊಟದ ಹೊತ್ತಿಗೆ ಮೂಲೆಯ ಮೇಜಿನಲ್ಲಿ ಗಂಟೆ ಬಾರಿಸುತ್ತಾರೆ. ‘ಸೈಟ್ ನಂಬರ್ 47, ಸೋಲ್ಡ್!’ ಚಪ್ಪಾಳೆ. ನಕ್ಷೆಯ ಮೇಲೆ ಇನ್ನೊಂದು ಕೆಂಪು ಚುಕ್ಕೆ. ಇವತ್ತೇ ಬುಕ್ ಮಾಡಿದರೆ ಚದರಡಿಗೆ 200 ರೂಪಾಯಿ ರಿಯಾಯಿತಿ. ಸಂಜೆ ಐದರ ನಂತರ ಇಲ್ಲ.

ಇದು ಯಾವುದೋ ಒಂದು ಕಂಪನಿಯ ಕಥೆಯಲ್ಲ. ಸೈಟು, ಫ್ಲ್ಯಾಟು, ಫಾರ್ಮ್‌ಲ್ಯಾಂಡು ಮಾರುವ ಕೂಟಗಳಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯ. ಇಲ್ಲಿ ಗಮನಿಸಬೇಕಾದದ್ದು ವಾರವನ್ನು. ಭಾನುವಾರ ಗಂಡ ಹೆಂಡತಿ ಇಬ್ಬರಿಗೂ ಬಿಡುವು. ಅದೇ ದಿನ ಬ್ಯಾಂಕಿಗೆ, ವಕೀಲರ ಕಚೇರಿಗೆ, ತಾಲ್ಲೂಕು ಕಚೇರಿಗೆ ಬೀಗ. ತೀರ್ಮಾನ ಮಾಡುವವರೆಲ್ಲ ಹಾಜರು, ತಪಾಸಣೆ ಮಾಡಿಕೊಡುವವರೆಲ್ಲ ಗೈರುಹಾಜರು. ದಾಖಲೆ ನೋಡುವ ಮುಂಚೆ ಸಹಿ ಬೀಳಲಿ ಎಂಬುದೇ ಆ ಹಾಲ್‌ನ ಅಷ್ಟೂ ಸಡಗರದ ಉದ್ದೇಶ. ಆದ್ದರಿಂದ ಕೊಳ್ಳುವವರು ಮಾಡಬೇಕಾದ ಕೆಲಸವೂ ಸರಳ. ಕೇಳುವುದು ಭಾನುವಾರ, ಕೊಡುವ ಮಾತು ಸೋಮವಾರದ ನಂತರ. ಅದನ್ನು ಹಂತ ಹಂತವಾಗಿ ಮಾಡುವುದು ಹೇಗೆ?

ತೆರೆಯ ಹಿಂದಿನ ಕೈಪಿಡಿ

ಇಂಥ ಹಾಲ್‌ಗಳ ಒಳಗುಟ್ಟು ಹೊರಬಿದ್ದದ್ದು ಅಮೆರಿಕದ ನ್ಯಾಯಾಲಯಗಳಲ್ಲಿ. ಡೊನಾಲ್ಡ್ ಟ್ರಂಪ್ 2005ರಲ್ಲಿ ಶುರುಮಾಡಿದ ‘ಟ್ರಂಪ್ ಯೂನಿವರ್ಸಿಟಿ’ ಹೆಸರಿಗೆ ವಿಶ್ವವಿದ್ಯಾಲಯ, ಕೆಲಸದಲ್ಲಿ ರಿಯಲ್ ಎಸ್ಟೇಟ್ ಹೂಡಿಕೆಯ ಸೆಮಿನಾರು. ಮೊದಲ ಸಭೆಗೆ ಪ್ರವೇಶ ಉಚಿತ. ಅಲ್ಲಿಂದ 1,495 ಡಾಲರ್‌ನ ಮೂರು ದಿನದ ಶಿಬಿರ, ಆ ಶಿಬಿರದಿಂದ ಸುಮಾರು 35 ಸಾವಿರ ಡಾಲರ್‌ನ ‘ಎಲೀಟ್’ ಪ್ಯಾಕೇಜು. 2016ರಲ್ಲಿ ನ್ಯಾಯಾಲಯದ ಆದೇಶದಂತೆ ಸಂಸ್ಥೆಯ ಸಿಬ್ಬಂದಿ ಕೈಪಿಡಿ ಬಹಿರಂಗವಾಯಿತು. ಹಾಲ್‌ನ ಉಷ್ಣಾಂಶ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂಬುದರಿಂದ ಹಿಡಿದು ಬಂದವರಲ್ಲಿ ಯಾರ ಕೈಯಲ್ಲಿ ಎಷ್ಟು ಹಣವಿದೆ ಎಂದು ತಿಳಿದುಕೊಳ್ಳುವ ಬಗೆಯವರೆಗೆ ಎಲ್ಲವೂ ಅದರಲ್ಲಿತ್ತು. ಕ್ರೆಡಿಟ್ ಕಾರ್ಡ್ ಮಿತಿ ಏರಿಸಿಕೊಳ್ಳುವಂತೆ ಹುರಿದುಂಬಿಸಿ, ಆ ಸಾಲದಲ್ಲೇ ಮುಂದಿನ ಕೋರ್ಸು ಮಾರುತ್ತಿದ್ದರು ಎಂಬ ಆರೋಪವೂ ಇತ್ತು. ಆರೋಪವನ್ನು ಒಪ್ಪಿಕೊಳ್ಳದೆಯೇ ಟ್ರಂಪ್ ಕಡೆಯವರು 2016ರ ನವೆಂಬರ್‌ನಲ್ಲಿ 2.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡರು.

2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಯೂಟಾ ರಾಜ್ಯದ ಜುರಿಕ್ಸ್ ಎಂಬ ಕಂಪನಿಯ ಮೇಲೆ ಹೂಡಿದ ದಾವೆಯಲ್ಲೂ ಅದೇ ಏಣಿ: ಟಿವಿ ತಾರೆಯರ ಮುಖ ಹಾಕಿದ ಉಚಿತ ಸಭೆ, 1,997 ಡಾಲರ್‌ನ ಶಿಬಿರ, ಆಮೇಲೆ 41 ಸಾವಿರ ಡಾಲರ್ ದಾಟುವ ಪ್ಯಾಕೇಜು. ಹಣ ವಾಪಸ್ ಬೇಕೆಂದವರಿಂದ ‘ಸರ್ಕಾರಿ ಸಂಸ್ಥೆಗಳಿಗೆ ದೂರು ಕೊಡುವುದಿಲ್ಲ’ ಎಂಬ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು ಎಂಬುದು ಇಲ್ಲಿನ ವಿಶೇಷ ಆರೋಪ. ನಮ್ಮಲ್ಲಿ ಕೋರ್ಸಿನ ಬದಲು ಹೆಚ್ಚಾಗಿ ಮಾರುವುದು ನಿವೇಶನವನ್ನೇ. ಏಣಿಯ ಮೆಟ್ಟಿಲು ಮಾತ್ರ ಬದಲಾಗಿಲ್ಲ.

ಹಂತ 1: ಹೊರಡುವ ಮುಂಚೆ ನಂಬರ್ ಕೇಳಿ

ಆಹ್ವಾನದ ಫೋನು ಬಂದಾಗಲೇ ಕೇಳಬೇಕಾದದ್ದು ಪ್ರಾಜೆಕ್ಟಿನ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ನೋಂದಣಿ ಸಂಖ್ಯೆ. 2016ರ ರೇರಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, 500 ಚದರ ಮೀಟರ್ ಮೀರಿದ ಜಾಗ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟುಗಳ ಯೋಜನೆಯನ್ನು ನೋಂದಣಿ ಇಲ್ಲದೆ ಮಾರುವಂತಿಲ್ಲ. ಮಾರುವುದಷ್ಟೇ ಅಲ್ಲ, ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತೆಗೆದುಕೊಳ್ಳುವಂತಿಲ್ಲ, ಕೊಳ್ಳಿರೆಂದು ಆಹ್ವಾನಿಸುವಂತೆಯೂ ಇಲ್ಲ. ‘ಇದು ಪ್ರೀ-ಲಾಂಚ್ ಸರ್, ಬುಕಿಂಗ್ ಅಲ್ಲ, ಬರೀ ಇಒಐ (ಆಸಕ್ತಿ ಪತ್ರ)’ ಎಂಬ ಮಾತಿಗೆ ಕಾಯ್ದೆಯಲ್ಲಿ ರಿಯಾಯಿತಿ ಇಲ್ಲ. ತಪ್ಪಿದವರಿಗೆ ಯೋಜನೆಯ ಅಂದಾಜು ವೆಚ್ಚದ ಶೇ 10ರವರೆಗೆ ದಂಡವಿದೆ.

ಕರ್ನಾಟಕದ ನೋಂದಣಿ ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಎಂದು ಆರಂಭವಾಗುತ್ತದೆ. ಅದನ್ನು ಕರ್ನಾಟಕ ರೇರಾದ ಜಾಲತಾಣದಲ್ಲಿ ಹಾಕಿದರೆ ಪ್ರವರ್ತಕರ ಹೆಸರು, ಸರ್ವೆ ನಂಬರು, ಅನುಮೋದಿತ ನಕ್ಷೆ, ಮುಗಿಸಬೇಕಾದ ದಿನಾಂಕ ಸಿಗುತ್ತವೆ. ಫೋನ್ ಮಾಡಿದ ಏಜೆಂಟ್, ಈಗಿನ ಭಾಷೆಯಲ್ಲಿ ‘ಚಾನೆಲ್ ಪಾರ್ಟ್‌ನರ್’, ತಾನೂ ಪ್ರತ್ಯೇಕವಾಗಿ ನೋಂದಾಯಿಸಿಕೊಂಡಿರಬೇಕು. ಆ ಸಂಖ್ಯೆಯನ್ನೂ ಕೇಳಬಹುದು. ಎರಡೂ ಬರದಿದ್ದರೆ ಭಾನುವಾರ ಮನೆಯಲ್ಲೇ ಕಳೆಯಬಹುದು.

ಹಂತ 2: ಬಾಗಿಲ ಫಾರ್ಮಿಗೆ ಅರ್ಧ ಉತ್ತರ

ಬಜೆಟ್, ಸಂಬಳ, ಈಗಿರುವ ಸಾಲ: ಈ ಕಾಲಂಗಳನ್ನು ತುಂಬಿದವರ ಜೊತೆ ಯಾರು ಕೂರಬೇಕು, ಯಾವ ಪ್ಯಾಕೇಜು ತೋರಿಸಬೇಕು ಎಂಬುದು ಒಳಗೆ ಹೋಗುವಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಹೆಸರು, ಫೋನ್ ನಂಬರು ಸಾಕು. ಚೆಕ್‌ಬುಕ್, ಕ್ರೆಡಿಟ್ ಕಾರ್ಡ್ ಮನೆಯಲ್ಲಿರಲಿ. ಮೊಬೈಲ್ ಇದ್ದ ಮೇಲೆ ಯುಪಿಐ ಇದ್ದೇ ಇರುತ್ತದೆ. ಬೆಳಿಗ್ಗೆಯೇ ಬ್ಯಾಂಕಿನ ಆ್ಯಪ್‌ನಲ್ಲಿ ಅದರ ಮಿತಿಯನ್ನು ಇಳಿಸಿ ಹೋಗುವ ಅವಕಾಶ ಹಲವು ಬ್ಯಾಂಕುಗಳಲ್ಲಿದೆ.

ಹಂತ 3: ಮಾತನ್ನು ಲೆಕ್ಕಕ್ಕೆ ಇಳಿಸಿ

ವೇದಿಕೆಯ ಮಾತು ವೇಗವಾಗಿರುತ್ತದೆ, ಲೆಕ್ಕ ನಿಧಾನ. ಚೀಟಿಯೊಂದರ ಮೇಲೆ ಬರೆದುಕೊಳ್ಳುತ್ತ ಹೋದರೆ ಬಣ್ಣ ಇಳಿಯುತ್ತದೆ.

‘ಮೂರು ವರ್ಷದಲ್ಲಿ ಡಬಲ್’ ಎಂದರೆ ವರ್ಷಕ್ಕೆ ಚಕ್ರಬಡ್ಡಿಯಲ್ಲಿ ಶೇ 26. ಬ್ಯಾಂಕು ನಿಶ್ಚಿತ ಠೇವಣಿಗೆ ಕೊಡುವುದರ ಮೂರು ಪಟ್ಟಿಗೂ ಮಿಗಿಲು. ಅಷ್ಟು ಖಚಿತವಾಗಿ ಏರುವ ಜಾಗವನ್ನು ಕಂಪನಿ ತಾನೇ ಇಟ್ಟುಕೊಳ್ಳದೆ ಕಾಫಿ ಕೊಟ್ಟು ಮಾರುವುದೇಕೆ ಎಂಬ ಪ್ರಶ್ನೆಗೆ ವೇದಿಕೆಯಿಂದ ಉತ್ತರ ಬರುವುದಿಲ್ಲ.

‘ಅಶ್ಯೂರ್ಡ್ ರಿಟರ್ನ್’ ಇನ್ನೂ ಸ್ವಾರಸ್ಯದ ಲೆಕ್ಕ. 30x40 ಸೈಟು, 1,200 ಚದರಡಿ, ಚದರಡಿಗೆ 3,500 ರೂಪಾಯಿ ಎಂದಿಟ್ಟುಕೊಂಡರೆ ಬೆಲೆ 42 ಲಕ್ಷ. ಎರಡು ವರ್ಷ ವರ್ಷಕ್ಕೆ ಶೇ 12 ಕೊಡುತ್ತೇವೆ ಎಂದರೆ ತಿಂಗಳಿಗೆ 42 ಸಾವಿರ, ಒಟ್ಟು 10 ಲಕ್ಷ ಚಿಲ್ಲರೆ. ಆದರೆ ಪಕ್ಕದ ಲೇಔಟಿನಲ್ಲಿ ಚದರಡಿ 2,700ಕ್ಕೆ ಸಿಗುತ್ತಿದ್ದರೆ? ವ್ಯತ್ಯಾಸ 800 ರೂಪಾಯಿ, ಸೈಟಿಗೆ 9.6 ಲಕ್ಷ. ಕೊಂಡವರು ಮೊದಲೇ ಹೆಚ್ಚಾಗಿ ಕೊಟ್ಟ ಹಣ ಕಂತುಕಂತಾಗಿ ಅವರಿಗೇ ಮರಳಿದಂತಾಯಿತು, ನಡುವೆ ಕಂಪನಿ ಮುಳುಗದಿದ್ದರೆ. ಇವತ್ತಿನ 200 ರೂಪಾಯಿ ರಿಯಾಯಿತಿಯ ಬೆಲೆ 2.4 ಲಕ್ಷ. ಅದು ಮೊದಲೇ ಏರಿಸಿಟ್ಟ ದರದಿಂದ ಇಳಿದದ್ದೋ ಅಲ್ಲವೋ ಎಂದು ತಿಳಿಯಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಊರಿನ ಮಾರ್ಗಸೂಚಿ ದರ ನೋಡಿ, ಹತ್ತಿರದ ಎರಡು ಲೇಔಟುಗಳಲ್ಲಿ ವಿಚಾರಿಸಬೇಕು.

ಕೃಷಿ ಜಮೀನು ತೋರಿಸಿ ಲಾಭದ ಭರವಸೆ ಕೊಡುವವರ ಮುಂದೆ ಪಿಎಸಿಎಲ್ ಎಂಬ ಕಂಪನಿಯ ಪ್ರಕರಣ ನೆನಪಾಗಬೇಕು. ಜಮೀನು ಕೊಟ್ಟು ಅಭಿವೃದ್ಧಿ ಮಾಡಿಕೊಡುತ್ತೇವೆಂದು ದೇಶದಾದ್ಯಂತ 5 ಕೋಟಿಗೂ ಹೆಚ್ಚು ಜನರಿಂದ ಸಂಗ್ರಹಿಸಿದ 49,100 ಕೋಟಿ ರೂಪಾಯಿಯನ್ನು ಮರಳಿಸಬೇಕೆಂದು 2014ರ ಆಗಸ್ಟ್‌ನಲ್ಲಿ ಸೆಬಿ ಆದೇಶಿಸಿತು. ಮರುಪಾವತಿಗಾಗಿ 2016ರಲ್ಲಿ ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಆರ್.ಎಂ. ಲೋಧಾ ಸಮಿತಿಯನ್ನೇ ರಚಿಸಬೇಕಾಯಿತು.

ಹಂತ 4: ಗಂಟೆಯ ಮೇಜಿನಲ್ಲಿ

ಭಾಷಣ ಮುಗಿದ ಮೇಲೆ ಒಬ್ಬೊಬ್ಬರನ್ನೇ ಸಣ್ಣ ಮೇಜಿಗೆ ಕರೆದೊಯ್ಯುತ್ತಾರೆ. ಇಲ್ಲಿ ಮಾತು ಬಹುಮಟ್ಟಿಗೆ ಸಿದ್ಧಪಾಠ. ‘ನಿಮಗೆ ಇಷ್ಟವಾದ ಕಾರ್ನರ್ ಸೈಟನ್ನು ಆ ಟೇಬಲ್‌ನವರೂ ಕೇಳ್ತಿದ್ದಾರೆ ಮೇಡಂ.’ ‘ಮ್ಯಾನೇಜರ್ ಹತ್ರ ಮಾತಾಡಿ ಸ್ಪೆಷಲ್ ರೇಟ್ ತರ್ತೀನಿ, ಆದ್ರೆ ನೀವು ಇವತ್ತೇ ಹೂಂ ಅನ್ನಬೇಕು.’ ‘ಬರೀ 50 ಸಾವಿರ ಟೋಕನ್, ಬೇಡ ಅಂದ್ರೆ ವಾಪಸ್.’ ಕೊನೆಗೆ, ಗಂಡ ಹಿಂಜರಿದರೆ ಹೆಂಡತಿಯ ಕಡೆ ತಿರುಗಿ: ‘ಸರ್‌ಗೆ ಸ್ವಲ್ಪ ಧೈರ್ಯ ಹೇಳಿ.’

ವಾದ ಬೆಳೆಸಿದಷ್ಟೂ ಅವರ ಕೈ ಮೇಲಾಗುತ್ತದೆ. ಪ್ರತಿ ಆಕ್ಷೇಪಕ್ಕೂ ಅವರಲ್ಲಿ ಉತ್ತರವಿದೆ. ಕಾರಣ ಕೊಡದ ಒಂದೇ ವಾಕ್ಯ ಮನೆಯಿಂದಲೇ ಒಪ್ಪಿಕೊಂಡು ಬಂದಿದ್ದರೆ ಸಾಕು: ‘ವಕೀಲರು ಪೇಪರ್ ನೋಡದೆ ನಾವು ಒಂದು ರೂಪಾಯಿಯನ್ನೂ ಕೊಡುವುದಿಲ್ಲ.’ ಎರಡನೇ ಸಲವೂ ಅದೇ, ಮೂರನೇ ಸಲವೂ ಅದೇ. ‘ಬೇಡ ಅಂದ್ರೆ ವಾಪಸ್’ ಎಂದವರಿಗೆ ಅದನ್ನು ಅಲ್ಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸುವಂತೆ ಕೇಳಬೇಕು. ಬಹಳಷ್ಟು ಸಲ ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಗಟ್ಟಿತನಕ್ಕೆ ಕಾನೂನಿನ ಕಾರಣವೂ ಇದೆ. ಅಮೆರಿಕದಲ್ಲಿ ಹೋಟೆಲು, ಸಭಾಂಗಣದಂಥ ತಾತ್ಕಾಲಿಕ ಜಾಗದಲ್ಲಿ ಕೊಂಡ ಕೋರ್ಸನ್ನು ಮೂರು ವ್ಯವಹಾರದ ದಿನಗಳೊಳಗೆ ರದ್ದು ಮಾಡುವ ಹಕ್ಕಿದೆ. ಭಾರತದಲ್ಲಿ ಜೀವವಿಮೆ ಪಾಲಿಸಿಯನ್ನು ಓದಿ ನೋಡಿ ಹಿಂದಿರುಗಿಸಲು 30 ದಿನ ಸಿಗುತ್ತದೆ. ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಸೈಟಿನ ಬುಕಿಂಗ್ ಹಿಂದಿರುಗಿಸಲು ಅಂಥ ದಿನಗಳಿಲ್ಲ. ಅರ್ಜಿಯ ಹಿಂಬದಿಯ ಸಣ್ಣ ಅಕ್ಷರಗಳೇ ಅಲ್ಲಿ ಮಾತಾಡುತ್ತವೆ. ಬ್ರೋಷರು, ದರಪಟ್ಟಿ, ನಕ್ಷೆಯ ಫೋಟೊ ಮಾತ್ರ ಮನೆಗೆ ಬರಲಿ. ಸುಳ್ಳು ಜಾಹೀರಾತು ನಂಬಿ ಮುಂಗಡ ಕೊಟ್ಟವರಿಗೆ ರೇರಾದ 12ನೇ ಸೆಕ್ಷನ್ ಬಡ್ಡಿಸಮೇತ ಹಣ ವಾಪಸ್ ಪಡೆಯುವ ಹಕ್ಕು ಕೊಟ್ಟಿದೆ. ಆಗ ಸಾಕ್ಷಿ ಹೇಳುವುದು ಅದೇ ಬ್ರೋಷರು.

ಹಂತ 5: ಸೈಟ್ ವಿಸಿಟ್‌ಗೆ ಸ್ವಂತ ಗಾಡಿ

ಕಂಪನಿಯ ಎಸಿ ಗಾಡಿ ಒಂದೇ ರಸ್ತೆಯಲ್ಲಿ ಹೋಗಿ ಒಂದೇ ರಸ್ತೆಯಲ್ಲಿ ಬರುತ್ತದೆ. ದಾರಿಯುದ್ದಕ್ಕೂ ಮಾತು, ಇಳಿದರೆ ಎಳನೀರು. ಸ್ವಂತ ಗಾಡಿಯಲ್ಲಿ ಹೋದರೆ ಹಿಂದಿನ ಕೆರೆ, ತಲೆಯ ಮೇಲಿನ ಹೈಟೆನ್ಷನ್ ತಂತಿ, ‘ನಲವತ್ತು ನಿಮಿಷ’ ಎಂದ ದಾರಿಯ ನಿಜವಾದ ಸಮಯ ಗೊತ್ತಾಗುತ್ತದೆ. ಜಾಗದ ಮೇಲೆ ನಿಂತು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದರೆ ಕಾಲಡಿಯ ಸರ್ವೆ ನಂಬರು ತೋರಿಸುತ್ತದೆ. ಅದು ಬ್ರೋಷರಿನ ನಂಬರಿಗೆ ಹೊಂದಬೇಕು. ಪಕ್ಕದ ಹೊಲದವರನ್ನು ಮಾತಾಡಿಸಿದರೆ ಜಮೀನಿನ ಮೇಲೆ ಅಣ್ಣತಮ್ಮಂದಿರ ವ್ಯಾಜ್ಯ ಇದೆಯೇ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಹಂತ 6: ಸೋಮವಾರದ ಕೆಲಸ

ಭೂಮಿ ತಂತ್ರಾಂಶದಲ್ಲಿ ಪಹಣಿ ಮತ್ತು ಮ್ಯುಟೇಷನ್, ಕಾವೇರಿಯಲ್ಲಿ ಋಣಭಾರ ಪತ್ರ, ಅಂದರೆ ಇಸಿ. ಇವನ್ನೆಲ್ಲ ಮನೆಯಲ್ಲೇ ಕೂತು ತೆಗೆಯಬಹುದು. ನಂತರ ಭೂಪರಿವರ್ತನೆಯ ಆದೇಶ, ಯೋಜನಾ ಪ್ರಾಧಿಕಾರ ಅನುಮೋದಿಸಿದ ಲೇಔಟ್ ನಕ್ಷೆ, ನಗರ ವ್ಯಾಪ್ತಿಯಲ್ಲಿ ಇ-ಖಾತಾ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ‘ಅಪ್ರೂವಲ್ ಅಪ್ಲೈಡ್’ ಎಂದರೆ ಅರ್ಜಿ ಹಾಕಿದ್ದಾರೆ ಎಂದಷ್ಟೇ ಅರ್ಥ. ಜಮೀನು ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಇದನ್ನು ವಕೀಲರು ಮೂಲ ದಾಖಲೆಯಿಂದಲೇ ನೋಡಬೇಕು.

ಗುಂಟೆ ಲೆಕ್ಕದಲ್ಲಿ ಮಾರುವ ‘ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್’ ಪರಿವರ್ತನೆಯಾಗದ ಹೊರತು ಕೃಷಿ ಜಮೀನೇ. ಸಾಮಾನ್ಯವಾಗಿ ಗೃಹಸಾಲ ಸಿಗುವುದಿಲ್ಲ. ದುಬೈ, ಸಿಂಗಪುರದಲ್ಲಿ ಕೂತು ಊರ ಕಡೆ ತೋಟ ಕೊಳ್ಳುವ ಆಸೆಯ ಅನಿವಾಸಿ ಕನ್ನಡಿಗರಿಗೆ ಇನ್ನೊಂದು ತಡೆ: ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಎನ್‌ಆರ್‌ಐ ಮತ್ತು ಒಸಿಐಗಳು ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ.

ಎಲ್ಲ ಸರಿಯಿದ್ದು ಕೊಳ್ಳುವುದೇ ಆದರೂ, ನೋಂದಾಯಿತ ಮಾರಾಟ ಒಪ್ಪಂದ ಆಗುವ ಮುಂಚೆ ಪ್ರವರ್ತಕರು ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. 42 ಲಕ್ಷದ ಸೈಟಿಗೆ 4.2 ಲಕ್ಷ. ಚೆಕ್ಕು ಏಜೆಂಟರ ಹೆಸರಿಗಲ್ಲ, ರೇರಾದಲ್ಲಿ ತೋರಿಸಿರುವ ಪ್ರಾಜೆಕ್ಟಿನ ಖಾತೆಗೆ.

ಹಂತ 7: ಆಗಲೇ ಕೊಟ್ಟಿದ್ದರೆ

ಟೋಕನ್ ಕೊಟ್ಟು ಮನೆಗೆ ಬಂದು ನಿದ್ದೆಗೆಟ್ಟವರು ಫೋನಿನಲ್ಲಿ ಜಗಳಕ್ಕೆ ಇಳಿಯದೆ ಅಂದೇ ಬರೆಯಲು ಕೂರಬೇಕು. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್. ಕೊಟ್ಟ ಚೆಕ್ಕು ಇನ್ನೂ ಪಾಸಾಗಿಲ್ಲದಿದ್ದರೆ ಪಾವತಿ ತಡೆಯುವ ಮುನ್ನ ವಕೀಲರನ್ನು ಕೇಳಬೇಕು. ಚೆಕ್ ಅಮಾನ್ಯದ ಕೇಸು ತಲೆಗೆ ಬೀಳಬಾರದು. ‘ಅರ್ಧ ವಾಪಸ್ ಕೊಡ್ತೀವಿ, ಇಲ್ಲಿ ಸಹಿ ಹಾಕಿ’ ಎಂಬ ಕಾಗದ ಬಂದರೆ, ದೂರು ಕೊಡುವ ಹಕ್ಕನ್ನು ಅದರಲ್ಲಿ ಬರೆದುಕೊಟ್ಟಂತೆ ಆಗುತ್ತದೆಯೇ ಎಂದು ಓದಬೇಕು. ಉತ್ತರ ಬಾರದಿದ್ದರೆ ರೇರಾಕ್ಕೆ ಆನ್‌ಲೈನ್‌ನಲ್ಲೇ 31ನೇ ಸೆಕ್ಷನ್ ಅಡಿ ದೂರು ಸಲ್ಲಿಸಬಹುದು. ಕೊಂಡದ್ದು ಹೂಡಿಕೆಯ ಕೋರ್ಸಾದರೆ ರೇರಾ ಬರುವುದಿಲ್ಲ. ಅದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ನಂತರ ಜಿಲ್ಲಾ ಗ್ರಾಹಕ ಆಯೋಗ.

ಪತ್ರ ಉದ್ದವಿರಬೇಕಾಗಿಲ್ಲ: ‘ಇಂಥ ದಿನಾಂಕ, ಇಂಥ ಹೋಟೆಲಿನಲ್ಲಿ ನಡೆದ ಸಭೆಯಲ್ಲಿ ಸೈಟ್ ಸಂಖ್ಯೆ ಇಷ್ಟಕ್ಕೆ ಇಷ್ಟು ರೂಪಾಯಿ ಕೊಟ್ಟಿದ್ದೇನೆ. ರಸೀದಿ ಲಗತ್ತಿಸಿದೆ. ಸಭೆಯಲ್ಲಿ ಹೇಳಿದ ಈ ಸಂಗತಿಗಳು ದಾಖಲೆಯಲ್ಲಿ ಕಂಡುಬಂದಿಲ್ಲ. ಬುಕಿಂಗ್ ರದ್ದುಪಡಿಸಿ, ಹದಿನೈದು ದಿನದೊಳಗೆ ಪೂರ್ಣ ಮೊತ್ತವನ್ನು ಇದೇ ಖಾತೆಗೆ ಮರಳಿಸಬೇಕು.’ ಕೆಳಗೆ ಸಹಿ, ದಿನಾಂಕ. ಅಂಚೆ ರಸೀದಿಯನ್ನು ಅದೇ ಬ್ರೋಷರಿನ ಒಳಗೆ ಪಿನ್ ಮಾಡಿಡಬೇಕು.